ಬಣ್ಣದ ಚಿತ್ರಗಳಲ್ಲಿ ಹೊಲಗಳ ನೆಯ್ಗೆಯನ್ನು ವಿಂಗಡಿಸುವ ಕ್ರಮ

ಸುಗ್ಗಿಗೆ ಮುಂಚೆ ಊರ ಮುಂದಣ ಗುಡ್ಡವನ್ನೇರಿ ಕೆಳಗಿನ ಬಯಲನ್ನು ನೋಡುವ ಅನುಭವಶಾಲಿಯಾದ ಬೇಸಾಯಗಾರನು, ಯಾರನ್ನೂ ಕೇಳದೆ, ಇಲ್ಲಿಂದ ಇಲ್ಲಿಗೆ ರಾಗಿ, ಅದರಾಚೆಗೆ ಕಬ್ಬು, ಹಳ್ಳದ ಮಗ್ಗುಲಲ್ಲಿ ತೆಂಗಿನ ತೋಟ, ಮೇಲುಭಾಗದಲ್ಲಿ ಬೀಳು ಎಂದು ಹೇಳಬಲ್ಲನು. ಆತನು ಗಿಡಗಳನ್ನು ಒಂದೊಂದಾಗಿ ನೋಡಿ ಹೇಳುವುದಿಲ್ಲ. ಅಷ್ಟು ದೂರದಿಂದ ಹಾಗೆ ನೋಡುವುದು ಸಾಧ್ಯವೂ ಅಲ್ಲ. ಆತನ ಕಣ್ಣು ಮೊದಲು ಬಣ್ಣವನ್ನು ಹಿಡಿಯುತ್ತದೆ. ಅನಂತರ ಆ ಬಣ್ಣವು ಹರಡಿಕೊಂಡಿರುವ ರೀತಿಯನ್ನು ಹಿಡಿಯುತ್ತದೆ. ಈ ಎರಡರಿಂದಲೇ ಬಯಲು ತುಂಡು ತುಂಡಾಗಿ ಆತನ ಮನಸ್ಸಿನಲ್ಲಿ ವಿಂಗಡವಾಗುವುದು.

ಇದೇ ಕೆಲಸವನ್ನು ಆಕಾಶದಿಂದ ತೆಗೆದ ಬಣ್ಣದ ಚಿತ್ರಗಳ ಮೇಲೆ ಗಣಕಯಂತ್ರವು ಮಾಡತಕ್ಕ ಕ್ರಮವೊಂದು ಕಳೆದ ಐವತ್ತು ವರುಷಗಳಲ್ಲಿ ಬೆಳೆದು ಬಂದಿದೆ. ಬೆಳೆಗಳ ವಿಸ್ತೀರ್ಣದ ಲೆಕ್ಕ, ಬರಗಾಲದ ಪರಿಹಾರ, ಬೆಳೆಯ ವಿಮೆ, ಕಾಲುವೆಯ ನೀರಿನ ಹಂಚಿಕೆ ಮುಂತಾದ ವಿಷಯಗಳಲ್ಲಿ ಇಂಥ ಚಿತ್ರಗಳ ಉಪಯೋಗವು ಹೆಚ್ಚುತ್ತಲಿದೆ. ಒಂದು ಗ್ರಾಮದ ಜೋಳವು ಚಿತ್ರದಲ್ಲಿ ಬೀಳೆಂದು ಎಣಿಸಲ್ಪಟ್ಟರೆ, ಆ ತಪ್ಪಿನ ಭಾರವು ಯಂತ್ರದ ಮೇಲೆ ಬೀಳದೆ ಬಿತ್ತಿದವನ ಮೇಲೆಯೇ ಬೀಳುತ್ತದೆ. ಆದುದರಿಂದ ಈ ವಿಂಗಡಣೆಯು ಹೇಗೆ ನಡೆಯುತ್ತದೆ, ಎಲ್ಲಿ ಅದನ್ನು ನಂಬಬಹುದು, ಎಲ್ಲಿ ನಂಬಬಾರದು ಎಂಬುದನ್ನು ಗ್ರಾಮಗಳ ಯಜಮಾನರೂ ಜಮೀನುದಾರರೂ ತಿಳಿದಿರುವುದು ಆವಶ್ಯಕವಾಗಿದೆ.

ಬಣ್ಣವೂ ನೆಯ್ಗೆಯೂ

ಗಣಕಯಂತ್ರಕ್ಕೆ ಚಿತ್ರವೆಂಬುದು ಸಣ್ಣ ಸಣ್ಣ ಚೌಕಗಳ ಸಾಲುಗಳಲ್ಲದೆ ಬೇರೆಯಲ್ಲ. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಒಂದೊಂದು ಚೌಕಕ್ಕೂ ಕೆಂಪು, ಹಸುರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವು ಅಂಕಿಗಳಾಗಿ ಬರೆಯಲ್ಪಟ್ಟಿರುತ್ತದೆ. ಉಪಗ್ರಹಗಳಿಂದ ತೆಗೆದ ಚಿತ್ರಗಳಲ್ಲಿ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಪ್ರಮಾಣವೂ ಸೇರಿರುವುದುಂಟು. ಆರೋಗ್ಯವಾದ ಎಲೆಯು ಈ ಬೆಳಕನ್ನು ಬಹಳವಾಗಿ ಹಿಂದಕ್ಕೆ ಕಳುಹಿಸುವುದರಿಂದ ಪೈರಿನ ಸ್ಥಿತಿಯನ್ನು ತಿಳಿಯಲು ಅದು ಬಹು ಪ್ರಯೋಜನಕರವಾದುದು. ಭಾರತದಲ್ಲಿ ಇದನ್ನು ಮೊದಮೊದಲು ಪರೀಕ್ಷಿಸಿದ್ದು ೧೯೭೦ರ ಸುಮಾರಿಗೆ, ಪಿ. ಆರ್. ಪಿಷಾರಟಿಯವರ ನೇತೃತ್ವದಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅವಗೆಂಪು ಬಣ್ಣದ ಫಿಲ್ಮಿನಲ್ಲಿ ಚಿತ್ರಗಳನ್ನು ತೆಗೆದು, ಬೇರು ಸೊರಗು ರೋಗ ತಗುಲಿದ ಮರಗಳನ್ನು ಗುರುತಿಸುವ ಪ್ರಯತ್ನವು ನಡೆಯಿತು.

ಆದರೆ ಬಣ್ಣವೊಂದೇ ಸಾಲದು. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲುಗಳಾಗಿ ಅವರೆಯನ್ನೋ ತೊಗರಿಯನ್ನೋ ಹಾಕುವ ವಾಡಿಕೆಯನ್ನು ಸಕಲರೂ ಬಲ್ಲರು. ಆ ಹೊಲದ ಬಣ್ಣಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಯಾವುದೋ ಒಂದು ಹಸುರು ದೊರೆಯುವುದು. ಅದೇ ಹಸುರು ಮಗ್ಗುಲಿನ ಹುಲ್ಲುಗಾವಲಿನದೂ ಆಗಿರಬಹುದು. ಹೊಲವನ್ನು ಹುಲ್ಲುಗಾವಲಿನಿಂದ ಬೇರೆಮಾಡಿ ತೋರಿಸುವುದು ಸಾಲುಗಳು ಒಂದೇ ಅಂತರದಲ್ಲಿ ಮರಳಿ ಮರಳಿ ಬರುವ ರೀತಿ. ಒಂದೇ ಬಣ್ಣದ ನೂಲಿನಿಂದ ನೆಯ್ದ ಎರಡು ಬಟ್ಟೆಗಳನ್ನು ಕೈಯಿಂದ ಮುಟ್ಟಿದವನು ನೆಯ್ಗೆಯ ಭೇದದಿಂದ ಬೇರೆ ಬೇರೆ ಎಂದು ಹೇಳುವಂತೆಯೇ ಇದು. ಚಿತ್ರದ ಈ ಗುಣವನ್ನು ಶಾಸ್ತ್ರಜ್ಞರು ಟೆಕ್ಸ್ಚರ್ ಎನ್ನುವರು. ಈ ಲೇಖನದಲ್ಲಿ ಅದು ನೆಯ್ಗೆಯೆಂದೇ ಕರೆಯಲ್ಪಟ್ಟಿದೆ.

ನೆಯ್ಗೆಯನ್ನು ಅಂಕಿಗಳಲ್ಲಿ ಅಳೆಯುವ ಪ್ರಸಿದ್ಧವಾದ ಕ್ರಮವೊಂದನ್ನು ಹರಾಲಿಕ್, ಷಣ್ಮುಗಂ, ದಿನ್‌ಸ್ಟೈನ್ ಎಂಬುವರು ೧೯೭೩ರಲ್ಲಿ ಪ್ರಕಟಿಸಿದರು. ಒಂದು ಚೌಕದ ಬೆಳಕು ಇಷ್ಟಿದ್ದರೆ ಅದರ ಪಕ್ಕದ ಚೌಕದ ಬೆಳಕು ಎಷ್ಟು ಸಾರಿ ಎಷ್ಟೆಷ್ಟಾಗಿರುವುದೆಂದು ಎಣಿಸಿ ಪಟ್ಟಿಮಾಡುವುದು ಅದರ ಸಾರ. ವಿಮಾನದಿಂದ ತೆಗೆದ ಭೂಮಿಯ ಚಿತ್ರಗಳಲ್ಲಿ ನೂರಕ್ಕೆ ೮೨ರಷ್ಟನ್ನೂ, ಉಪಗ್ರಹದ ಚಿತ್ರಗಳಲ್ಲಿ ನೂರಕ್ಕೆ ೮೩ರಷ್ಟನ್ನೂ ಅವರು ಸರಿಯಾಗಿ ವಿಂಗಡಿಸಿದರು. ಆದರೆ ಅವರ ಕ್ರಮದಲ್ಲಿ ಇದು ಇಂಥ ಭೂಮಿ ಎಂದು ಮೊದಲೇ ಯಂತ್ರಕ್ಕೆ ಮಾದರಿಗಳನ್ನು ತೋರಿಸಬೇಕಾಗಿತ್ತು.

ಹೆಸರು ಹೇಳದೆ ವಿಂಗಡಿಸುವುದು

ಮಾದರಿಯನ್ನು ತೋರಿಸದೆಯೇ ವಿಂಗಡಿಸುವುದು ಇನ್ನೊಂದು ಮಾರ್ಗ. ಅವರೆ, ತೊಗರಿ, ಹುರುಳಿ ಮೂರೂ ಬೆರೆತ ರಾಶಿಯನ್ನು ಕಾಳುಗಳ ಹೆಸರನ್ನರಿಯದ ಮಗುವಿನ ಮುಂದೆ ಮೊರದಲ್ಲಿಟ್ಟರೆ, ಆ ಮಗುವು ಬಣ್ಣ, ಗಾತ್ರ, ಆಕಾರಗಳನ್ನು ನೋಡಿ ಮೂರು ಗುಡ್ಡೆಗಳನ್ನು ಮಾಡುವುದು. ಯಾವ ಗುಡ್ಡೆಗೆ ಯಾವ ಹೆಸರೆಂದು ಮಗುವಿಗೆ ತಿಳಿಯದು. ಆದರೂ ಗುಡ್ಡೆಗಳು ಸರಿಯಾಗಿಯೇ ಇರಬಹುದು. ಇದನ್ನೇ ಮೇಲ್ವಿಚಾರಣೆಯಿಲ್ಲದ ವಿಂಗಡಣೆ ಎನ್ನುವರು.

ಬೆರೆತುದನ್ನು ಹೀಗೆ ಲೆಕ್ಕದಿಂದ ಬೇರೆಮಾಡುವ ಯೋಚನೆಯು ಹೊಸದಲ್ಲ. ೧೮೯೪ರಲ್ಲಿ ಕಾರ್ಲ್ ಪಿಯರ್ಸನ್ ಎಂಬ ಆಂಗ್ಲ ಗಣಿತಜ್ಞನು, ಇಟಲಿ ದೇಶದ ನೇಪಲ್ಸ್ ಕೊಲ್ಲಿಯಲ್ಲಿ ಹಿಡಿದ ಏಡಿಗಳ ಅಳತೆಗಳನ್ನು ಪರೀಕ್ಷಿಸಿ, ಅವು ಒಂದೇ ಗುಂಪಿನವಲ್ಲದೆ ಎರಡು ಗುಂಪುಗಳ ಮಿಶ್ರಣವಾಗಿರಬಹುದೆಂದು ಲೆಕ್ಕಹಾಕಿ ತೋರಿಸಿದನು. ಎರಡು ಗುಂಪುಗಳು ಒಂದಕ್ಕೊಂದು ನಿಜವಾಗಿ ಎಷ್ಟು ದೂರ ಎಂಬುದಕ್ಕೆ ಕಲ್ಕತ್ತೆಯ ಪಿ. ಸಿ. ಮಹಲನೋಬಿಸ್‌ರವರು ೧೯೩೬ರಲ್ಲಿ ಒಂದು ಅಳತೆಯನ್ನು ನಿರ್ಣಯಿಸಿದರು. ಅದು ಈ ಹೊತ್ತಿಗೂ ಅವರ ಹೆಸರಿನಿಂದಲೇ ಪ್ರಪಂಚದಲ್ಲೆಲ್ಲ ಬಳಕೆಯಲ್ಲಿದೆ. ಬಂಗಾಳದ ಸೆಣಬಿನ ವಿಸ್ತೀರ್ಣವನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡಿದವರೂ ಇವರೇ. ಇವರೊಡನೆ ಕೆಲಸಮಾಡಿದ ಸಿ. ಆರ್. ರಾವ್‌ರವರು ೧೯೨೦ರಲ್ಲಿ ಹೂವಿನ ಹಡಗಲಿಯಲ್ಲಿ ಜನಿಸಿದವರು; ಅನೇಕ ಅಳತೆಗಳನ್ನು ಒಟ್ಟಿಗೆ ಉಪಯೋಗಿಸಿ ಗುಂಪುಗಳನ್ನು ನಿರ್ಣಯಿಸುವ ವಿಷಯದಲ್ಲಿ ೧೯೪೮ರಲ್ಲಿ ಅವರು ಪ್ರಕಟಿಸಿದ ಪ್ರಬಂಧವು ಈ ಶಾಸ್ತ್ರದ ಆಧಾರಗಳಲ್ಲೊಂದು.

ಸಂಭವದ ಲೆಕ್ಕ

ಯಂತ್ರವು ಒಂದು ಚೌಕವನ್ನು ಇಂಥ ಗುಂಪಿನದೆಂದು ನಿಶ್ಚಯವಾಗಿ ಹೇಳುವುದಿಲ್ಲ. ಇಷ್ಟು ಸಂಭವ ಎಂದು ಹೇಳುತ್ತದೆ. ಆ ಲೆಕ್ಕದ ನಿಯಮವು ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿಯದು. ಆತನ ಮರಣಾನಂತರ, ೧೭೬೩ರಲ್ಲಿ, ಅದು ಪ್ರಕಟವಾಯಿತು. ಕೇವಲ ಉದಾಹರಣೆಗಾಗಿ, ಒಂದು ಚಿತ್ರದ ೧೦೦ ಚೌಕಗಳಲ್ಲಿ ೭೦ ಮೊದಲನೆಯ ಗುಂಪಿನವು, ೩೦ ಎರಡನೆಯ ಗುಂಪಿನವು ಎಂದಿಟ್ಟುಕೊಳ್ಳಬಹುದು. ಒಂದು ಬಗೆಯ ನಸುಹಸುರು, ಮೊದಲನೆಯ ಗುಂಪಿನ ೧೦ ಚೌಕಗಳಲ್ಲಿ ೨ರಲ್ಲಿಯೂ ಎರಡನೆಯ ಗುಂಪಿನ ೧೦ರಲ್ಲಿ ೬ರಲ್ಲಿಯೂ ಕಾಣುವುದೆಂದಿರಲಿ. ಆಗ ನಸುಹಸುರಾದ ಚೌಕಗಳು ಮೊದಲನೆಯದರಲ್ಲಿ ೧೪, ಎರಡನೆಯದರಲ್ಲಿ ೧೮, ಒಟ್ಟು ೩೨. ಆದುದರಿಂದ ನಸುಹಸುರಾದ ಒಂದು ಚೌಕವು ಎರಡನೆಯ ಗುಂಪಿನದಾಗಿರುವ ಸಂಭವವು ೩೨ರಲ್ಲಿ ೧೮, ಅಂದರೆ ನೂರಕ್ಕೆ ಸುಮಾರು ೫೬. ಇಷ್ಟು ಸಂದೇಹಾಸ್ಪದವಾದ ಸಾಕ್ಷ್ಯದ ಮೇಲೆ ತೀರ್ಮಾನ ಮಾಡುವುದು ಯುಕ್ತವಲ್ಲ.

ಚಕ್ಕುಬಂದಿಯ ನ್ಯಾಯ

ಇಲ್ಲಿ ನೆರೆಯ ಚೌಕಗಳ ಸಾಕ್ಷ್ಯವು ಉಪಯೋಗಕ್ಕೆ ಬರುತ್ತದೆ. ಕ್ರಯಪತ್ರದಲ್ಲಿ ಜಮೀನನ್ನು ಗುರುತಿಸುವಾಗ ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಯಾರದು, ಉತ್ತರ ದಕ್ಷಿಣಗಳಿಗೆ ಯಾವುದು ಎಂದು ಚಕ್ಕುಬಂದಿಯನ್ನು ಬರೆಯುವ ಪದ್ಧತಿಯಿದೆಯಷ್ಟೆ. ಹಾಗೆಯೇ ಚಿತ್ರದ ಒಂದು ಚೌಕವೂ ತನ್ನ ನಾಲ್ಕು ಕಡೆಯ ಚೌಕಗಳಿಂದ ಗುರುತಿಸಲ್ಪಡುತ್ತದೆ. ಮೇಲಿನ ಚೌಕದ ಚಕ್ಕುಬಂದಿಯಲ್ಲಿರುವ ನಾಲ್ಕೂ ಮೊದಲನೆಯ ಗುಂಪಿನವೇ ಆಗಿದ್ದು, ಅಂಥ ಚಕ್ಕುಬಂದಿಯುಳ್ಳ ೧೦೦ ಚೌಕಗಳಲ್ಲಿ ೯೦ ಮೊದಲನೆಯ ಗುಂಪಿನವೆಂದು ಕಂಡುಬಂದಿದ್ದರೆ, ಲೆಕ್ಕವು ಬದಲಾಗುತ್ತದೆ. ೯೦ರಲ್ಲಿ ಹತ್ತಕ್ಕೆರಡರಂತೆ ೧೮, ಉಳಿದ ೧೦ರಲ್ಲಿ ಹತ್ತಕ್ಕಾರರಂತೆ ೬, ಒಟ್ಟು ೨೪. ಈಗ ಆ ಚೌಕವು ಮೊದಲನೆಯ ಗುಂಪಿನದಾಗಿರುವ ಸಂಭವವು ನೂರಕ್ಕೆ ೭೫ ಆಯಿತು. ಬಣ್ಣವು ಬದಲಾಗಲಿಲ್ಲ, ನೆರೆಯನ್ನು ವಿಚಾರಿಸಿದ್ದರಿಂದ ತೀರ್ಪು ಬದಲಾಯಿತು.

ಒಂದರ ಸ್ಥಿತಿಯು ಹತ್ತಿರದವುಗಳ ಸ್ಥಿತಿಯನ್ನು ಅವಲಂಬಿಸುವ ಇಂಥ ಲೆಕ್ಕಗಳಿಗೆ ರಷ್ಯಾ ದೇಶದ ಆಂದ್ರೇ ಮಾರ್ಕೋವ್ ಎಂಬ ಗಣಿತಜ್ಞನ ಹೆಸರು ಅಂಟಿಕೊಂಡಿದೆ. ಆತನು ೧೯೧೩ರಲ್ಲಿ ಪುಷ್ಕಿನ್ ಕವಿಯ ಕಾವ್ಯವೊಂದರ ಮೊದಲ ೨೦,೦೦೦ ಅಕ್ಷರಗಳನ್ನು ಎಣಿಸಿ, ಸ್ವರದ ಮುಂದೆ ಸ್ವರವೂ ವ್ಯಂಜನದ ಮುಂದೆ ಸ್ವರವೂ ಎಷ್ಟೆಷ್ಟು ಸಾರಿ ಬರುವುವೆಂದು ಲೆಕ್ಕಮಾಡಿದನು. ಅಕ್ಷರಗಳದು ಒಂದೇ ಸಾಲು. ಚಿತ್ರದಲ್ಲಾದರೋ ನಾಲ್ಕು ದಿಕ್ಕುಗಳಿಗೂ ನೆರೆಯುಂಟು. ಹೀಗೆ ವಿಸ್ತರಿಸಿದ ಲೆಕ್ಕಕ್ಕೆ ಮಾರ್ಕೋವ್ ಕ್ಷೇತ್ರ ಎಂದು ಹೆಸರು.

ಗೋಧಿಯ ಹೊಲದ ಸಾಕ್ಷ್ಯ

ಈ ತತ್ತ್ವವು ಬೇಸಾಯದ ಭೂಮಿಯಲ್ಲಿಯೇ ಪರೀಕ್ಷಿಸಲ್ಪಟ್ಟಿತೆಂಬುದು ಗಮನಿಸತಕ್ಕ ವಿಷಯ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬ ಸ್ಥಳದಲ್ಲಿ ೧೮೪೩ರಲ್ಲಿ ಸ್ಥಾಪಿತವಾದ ಬೇಸಾಯದ ಪರೀಕ್ಷಾಕ್ಷೇತ್ರವಿದೆ. ಅಲ್ಲಿ ಮರ್ಸರ್ ಮತ್ತು ಹಾಲ್ ಎಂಬಿಬ್ಬರು, ಒಂದೇ ಬಗೆಯಾಗಿ ಬೆಳೆದಂತೆ ಕಂಡ ಒಂದು ಎಕರೆ ಗೋಧಿಯನ್ನು ೨೦ ಸಾಲು, ೨೫ ಕಂಬಗಳಂತೆ ೫೦೦ ತುಂಡುಗಳಾಗಿ ಕೊಯ್ಯಿಸಿ, ಪ್ರತಿಯೊಂದು ತುಂಡಿನ ಕಾಳನ್ನೂ ಹುಲ್ಲನ್ನೂ ಬೇರೆ ಬೇರೆಯಾಗಿ ತೂಗಿ, ೧೯೧೧ರಲ್ಲಿ ಪ್ರಕಟಿಸಿದರು. ಬೀಜ, ಗೊಬ್ಬರ, ಉಳುಮೆ ಎಲ್ಲವೂ ಒಂದೇ ಆಗಿದ್ದರೂ ಒಂದು ತುಂಡಿನಲ್ಲಿ ಬಂದ ಕಾಳು ಇನ್ನೊಂದರಲ್ಲಿ ಬರಲಿಲ್ಲ. ಸರಾಸರಿ ಸುಮಾರು ೪ ಪೌಂಡು ಇದ್ದರೂ, ಕೆಲವು ತುಂಡುಗಳು ೩ ಪೌಂಡಿಗೂ ಕಡಮೆ, ಕೆಲವು ೫ ಪೌಂಡಿಗೂ ಹೆಚ್ಚು ತೂಗಿದುವು. ಆದರೆ ಮಗ್ಗುಲು ಮಗ್ಗುಲಾಗಿದ್ದ ತುಂಡುಗಳು ದೂರದವುಗಳಿಗಿಂತ ಪರಸ್ಪರ ಹೆಚ್ಚು ಹೋಲುತ್ತಿದ್ದುವು. ಮಣ್ಣಿನ ಗುಣವು ಹೆಜ್ಜೆಹೆಜ್ಜೆಗೂ ಥಟ್ಟನೆ ಬದಲಾಗದೆ ಕ್ರಮವಾಗಿ ಬದಲಾಗುವುದೇ ಇದಕ್ಕೆ ಕಾರಣವೆಂಬುದನ್ನು ರೈತರು ಬಲ್ಲರು.

ಅರವತ್ತಮೂರು ವರುಷಗಳ ತರುವಾಯ, ೧೯೭೪ರಲ್ಲಿ, ಜೂಲಿಯನ್ ಬೆಸಾಗ್ ಎಂಬ ಸಂಖ್ಯಾಶಾಸ್ತ್ರಜ್ಞನು ಚೌಕಗಳ ಕ್ಷೇತ್ರಕ್ಕೆ ಮಾರ್ಕೋವ್ ಲೆಕ್ಕವನ್ನು ಅನ್ವಯಿಸುವ ಕ್ರಮವನ್ನು ವಿವರಿಸಿದಾಗ, ಪರೀಕ್ಷೆಗಾಗಿ ತೆಗೆದುಕೊಂಡವುಗಳಲ್ಲಿ ಈ ಗೋಧಿಯ ತೂಕಗಳೂ ಸೇರಿದ್ದುವು. ೧೯೮೪ರಲ್ಲಿ ಅಮೆರಿಕದ ಗೆಮನ್ ಸಹೋದರರು ಇದನ್ನು ಚಿತ್ರಗಳಿಗೆ ಅಳವಡಿಸಿ, ಕಮ್ಮಾರನು ಕಾಯಿಸಿದ ಲೋಹವನ್ನು ಮೆಲ್ಲಮೆಲ್ಲಗೆ ಆರಿಸುವಂತೆ, ಮೊದಲು ಧಾರಾಳವಾಗಿ ಬದಲಾವಣೆಗಳಿಗೆ ಎಡೆಗೊಟ್ಟು ಕ್ರಮೇಣ ಬಿಗಿಮಾಡುತ್ತ ಅತ್ಯಂತ ಸಂಭವನೀಯವಾದ ವಿಂಗಡಣೆಗೆ ತಲಪುವ ಮಾರ್ಗವನ್ನು ತೋರಿಸಿದರು.

ವಿಂಗಡಣೆಯ ಕ್ರಮ

ಮಾದರಿಗಳನ್ನು ತೋರಿಸದೆ ನೆಯ್ಗೆಯಿಂದ ವಿಂಗಡಿಸುವ ಮಾರ್ಕೋವ್ ಕ್ರಮವನ್ನು ಬಿ. ಎಸ್. ಮಂಜುನಾಥ್ ಮತ್ತು ರಾಮ ಚೆಲ್ಲಪ್ಪ ಎಂಬುವರು ೧೯೯೧ರಲ್ಲಿ ಪ್ರಕಟಿಸಿದರು. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದವರು. ಬಣ್ಣದ ಚಿತ್ರಗಳಿಗೆ ಇಂಥ ಕ್ರಮವನ್ನು ೧೯೯೫ರಲ್ಲಿ ಪಂಜವಾನಿ ಮತ್ತು ಹೀಲಿ ಎಂಬುವರು ನಿರೂಪಿಸಿದರು. ಇದರಲ್ಲಿ ಒಂದು ಚೌಕದ ಕೆಂಪನ್ನು ನೆರೆಯ ಚೌಕಗಳ ಕೆಂಪಿನಿಂದ ಮಾತ್ರವಲ್ಲದೆ ಅವುಗಳ ಹಸುರು ನೀಲಿಗಳಿಂದಲೂ ಊಹಿಸಲಾಗುತ್ತದೆ. ಹಸುರು ನೀಲಿಗಳಿಗೂ ಹಾಗೆಯೇ. ಯಾವ ನೆರೆಯ ಯಾವ ಬಣ್ಣಕ್ಕೆ ಎಷ್ಟು ಬೆಲೆ ಕೊಡಬೇಕೆಂಬ ಅಂಕಿಗಳೇ ಆ ಭಾಗದ ನೆಯ್ಗೆಯ ಗುರುತು. ಅಕ್ಕಡಿ ಸಾಲಿನ ಹೊಲಕ್ಕೆ ಒಂದು ಬಗೆಯ ಅಂಕಿಗಳು, ತೆಂಗಿನ ತೋಟಕ್ಕೆ ಇನ್ನೊಂದು ಬಗೆಯವು ಬರುವುವು.

ಕೆಲಸವು ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲು ಚಿತ್ರವನ್ನು ತುಂಡುಗಳಾಗಿ ಒಡೆದು, ಒಂದೇ ತೆರನಾಗಿಲ್ಲದ ತುಂಡನ್ನು ಇನ್ನೂ ಸಣ್ಣದಾಗಿ ಒಡೆಯುವುದು. ಎರಡನೆಯದಾಗಿ, ಮಗ್ಗುಲಲ್ಲಿದ್ದು ಬಹಳವಾಗಿ ಹೋಲುವ ತುಂಡುಗಳನ್ನು ಎಚ್ಚರಿಕೆಯಿಂದ ಕೂಡಿಸುವುದು. ಮೂರನೆಯದಾಗಿ, ಉಳಿದವುಗಳಲ್ಲಿ ಯಾವ ಎರಡನ್ನು ಕೂಡಿಸಿದರೆ ಒಟ್ಟು ಸಂಭವನೀಯತೆಗೆ ಅತ್ಯಲ್ಪ ಹಾನಿಯೋ ಅವನ್ನು ಕೂಡಿಸುತ್ತ ಹೋಗಿ, ಹಾನಿಯು ಥಟ್ಟನೆ ಹೆಚ್ಚಿದಲ್ಲಿ ನಿಲ್ಲಿಸುವುದು. ಎಲ್ಲಿ ನಿಲ್ಲಿಸಬೇಕೆಂಬುದು ಕಷ್ಟವಾದ ಪ್ರಶ್ನೆ. ಗುಂಪುಗಳನ್ನು ಹೆಚ್ಚಿಸಿದಷ್ಟೂ ಲೆಕ್ಕವು ಚಿತ್ರಕ್ಕೆ ಹೊಂದಿಕೊಳ್ಳುವುದು. ಆದರೆ ಒಂದೇ ರಾಗಿಯ ಹೊಲವು ಒಣಗಿದ ಮೂಲೆ, ಹಸುರಾದ ಮೂಲೆ ಎಂದು ಹತ್ತು ಗುಂಪುಗಳಾದರೆ ಪ್ರಯೋಜನವೇನು? ಆದಕಾರಣ ಹೆಚ್ಚಾದ ಪ್ರತಿಯೊಂದು ಗುಂಪಿಗೂ ದಂಡದಂತೆ ಇಷ್ಟನ್ನು ಕಳೆಯುವ ನಿಯಮಗಳೂ ಇವೆ. ಅವುಗಳಲ್ಲಿ ೧೯೭೮ರಲ್ಲಿ ಷ್ವಾರ್ಟ್ಸ್ ಎಂಬುವನು ಹೇಳಿದ್ದು ಬಹಳವಾಗಿ ಬಳಕೆಯಲ್ಲಿದೆ.

ಗುಂಟೆಯ ಲೆಕ್ಕ

ಇಷ್ಟೆಲ್ಲ ಇದ್ದರೂ ಈ ಕ್ರಮದ ಬಲವು ಚೌಕದ ಗಾತ್ರವನ್ನು ಅವಲಂಬಿಸಿದೆ. ೧೯೭೨ರಲ್ಲಿ ಅಮೆರಿಕದವರು ಹಾರಿಸಿದ ಮೊದಲನೆಯ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚೌಕವು ಸುಮಾರು ೮೦ ಮೀಟರು ಪಕ್ಕವುಳ್ಳದ್ದು. ಅಂದರೆ ಸುಮಾರು ೧ ಎಕರೆ ೨೩ ಗುಂಟೆ ಭೂಮಿಯು ಒಂದೇ ಚುಕ್ಕೆಯಾಗಿ ಕಾಣುತ್ತಿತ್ತು. ೧೯೮೮ರಲ್ಲಿ ಭಾರತವು ಹಾರಿಸಿದ ಐ. ಆರ್. ಎಸ್. ೧-ಎ ಉಪಗ್ರಹದ ಎರಡು ಬಗೆಯ ಕ್ಯಾಮರಾಗಳಲ್ಲಿ ಒಂದರ ಚೌಕವು ೭೨.೫ ಮೀಟರು, ಇನ್ನೊಂದರದು ೩೬.೨೫ ಮೀಟರು. ೨೦೦೩ರಲ್ಲಿ ಹಾರಿದ ರಿಸೋರ್ಸ್‌ಸ್ಯಾಟ್ ಉಪಗ್ರಹದ ಒಂದು ಕ್ಯಾಮರಾದಲ್ಲಿ ಅದು ೨೩.೫ ಮೀಟರಿಗೆ, ಅಂದರೆ ಐದೂವರೆ ಗುಂಟೆಗೆ, ಇಳಿಯಿತು. ೨೦೧೫ರಲ್ಲಿ ಐರೋಪ್ಯರು ಹಾರಿಸಿದ ಸೆಂಟಿನೆಲ್-೨ ಉಪಗ್ರಹದ ಬಣ್ಣದ ಚಿತ್ರದಲ್ಲಿ ಚೌಕದ ಪಕ್ಕವು ೧೦ ಮೀಟರು. ೩೩ ಅಡಿ ಚೌಕದ ಗುಂಟೆಗೂ ಇದಕ್ಕೂ ಭೇದವು ಅತ್ಯಲ್ಪ. ಒಂದು ಚೌಕವೆಂದರೆ ಒಂದು ಗುಂಟೆಯೆಂದೇ ತಿಳಿಯಬಹುದು.

ಹಾಗಾದರೆ ಒಂದು ಎಕರೆಯ ಚೌಕಾಕಾರದ ಹೊಲದೊಳಗೆ ಈ ಚೌಕಗಳು ಉದ್ದಕ್ಕೆ ೬, ಅಗಲಕ್ಕೆ ೬, ಒಟ್ಟು ೩೬ ಹಿಡಿಯುವುವು. ಅವುಗಳಲ್ಲಿ ಬದುವಿಗೆ ತಾಗಿದ ಹೊರಸುತ್ತಿನವೇ ೨೦. ಹೊಲವು ಚೌಕಗಳ ಗೆರೆಗೆ ಸರಿಯಾಗಿ ಕೂಡಿರುವುದು ಅಪರೂಪವಾದುದರಿಂದ ಈ ೨೦ರಲ್ಲಿ ಬದುವಿನ ಹುಲ್ಲು, ದಾರಿ, ನೆರೆಯವನ ಬೆಳೆ ಎಲ್ಲವೂ ಬೆರೆಯುವ ಸಂಭವವುಂಟು. ಒಳಗೆ ಶುದ್ಧವಾಗಿ ಉಳಿಯುವವು ೧೬ ಮಾತ್ರ. ನೆಯ್ಗೆಯನ್ನು ಅಳೆಯಲು ಅನೇಕ ಚೌಕಗಳು ಒಟ್ಟಿಗೆ ಬೇಕು. ೧೬ ಚೌಕಗಳಿಂದ ಅದು ಸರಿಯಾಗಿ ತಿಳಿಯದು. ೨೦೧೫-೧೬ರ ಕೃಷಿ ಗಣತಿಯಂತೆ ಭಾರತದ ಹಿಡುವಳಿಯ ಸರಾಸರಿ ವಿಸ್ತೀರ್ಣವು ೧.೦೮ ಹೆಕ್ಟೇರು ಮಾತ್ರ, ಅದೂ ಹಲವು ಕಡೆ ತುಂಡುಗಳಾಗಿರುವುದುಂಟು. ಆದುದರಿಂದ ವಿಸ್ತಾರವಾದ ಕಬ್ಬಿನ ಬಯಲು, ತೋಟಗಳ ಪಟ್ಟಿ, ಕಾಡು ಇವುಗಳ ವಿಷಯದಲ್ಲಿ ಉಪಗ್ರಹದ ವಿಂಗಡಣೆಯು ಎಷ್ಟು ನಂಬಿಕೆಗೆ ಅರ್ಹವೋ, ಅರ್ಧ ಎಕರೆಯ ತುಂಡಿನ ವಿಷಯದಲ್ಲಿ ಅಷ್ಟು ಅರ್ಹವಲ್ಲ. ಅಲ್ಲಿಗೆ ಡ್ರೋನಿನಿಂದ ತೆಗೆದ ಚಿತ್ರವೇ ಬೇಕು.

ಇನ್ನೊಂದು ಅಪಾಯವು ಚಕ್ಕುಬಂದಿಯ ನ್ಯಾಯದಿಂದಲೇ ಹುಟ್ಟುತ್ತದೆ. ನೆರೆಯ ಸಾಕ್ಷ್ಯಕ್ಕೆ ಮಿತಿಮೀರಿದ ಬೆಲೆ ಕೊಟ್ಟರೆ, ನಾಲ್ಕು ಕಡೆಯೂ ಕಬ್ಬಿರುವ ನಡುವೆ ಇಪ್ಪತ್ತು ಗುಂಟೆಯಲ್ಲಿ ಕಡಲೆಕಾಯಿ ಹಾಕಿದ ಬಡ ರೈತನ ಹೊಲವು ಚಿತ್ರದಲ್ಲಿ ಕಬ್ಬಿನೊಳಗೆ ಕರಗಿಹೋಗುವುದು. ನಕ್ಷೆಯು ನುಣುಪಾಗಿ ಅಂದವಾಗಿ ಕಾಣುವುದು. ಒಟ್ಟು ಲೆಕ್ಕದಲ್ಲಿ ತಪ್ಪು ಅಲ್ಪವಾಗಿಯೂ ಇರುವುದು. ಆದರೆ ಆ ಒಬ್ಬನಿಗೆ ತಪ್ಪು ಪೂರ್ಣವಾದುದು. ನುಣುಪಾದ ನಕ್ಷೆಯು ಸರಿಯಾದ ನಕ್ಷೆಯೆಂದು ಯಾರೂ ಭಾವಿಸಕೂಡದು.

ಗ್ರಾಮದ ಯಜಮಾನರು ಮಾಡತಕ್ಕ ಕೆಲಸ

ಯಂತ್ರವು ಗುಡ್ಡೆಗಳನ್ನು ಮಾಡುವುದೇ ಹೊರತು ಹೆಸರಿಡುವುದಿಲ್ಲವೆಂದು ಮೇಲೆ ಹೇಳಲ್ಪಟ್ಟಿದೆ. ಮೂರನೆಯ ಗುಂಪು ಜೋಳವೋ, ಒಣಗಿದ ಹುಲ್ಲೋ ಎಂಬುದನ್ನು ಹೊಲಕ್ಕೆ ಹೋಗಿ ನೋಡಿದ ಮನುಷ್ಯನೇ ಹೇಳಬೇಕು. ಒಂದು ಗುಂಪಿಗೆ ಒಂದು ತಪ್ಪು ಹೆಸರು ಬಿದ್ದರೆ, ಆ ಗುಂಪಿನ ಹೊಲಗಳೆಲ್ಲವೂ ಒಂದೇ ಸಾರಿಗೆ ತಪ್ಪಾಗುವುವು. ಆದಕಾರಣ ಈ ಕೆಳಗಿನ ವಿಷಯಗಳು ಲಕ್ಷ್ಯದಲ್ಲಿಡತಕ್ಕವು.

ಮೊದಲನೆಯದಾಗಿ, ಬೆಳೆಯ ಸಮೀಕ್ಷೆಗೆ ಬಂದವರಿಗೆ ದಾರಿಯ ಮಗ್ಗುಲಿನ ಒಳ್ಳೆಯ ಹೊಲಗಳನ್ನು ಮಾತ್ರ ತೋರಿಸದೆ, ಒಳಗಿನ ಹೊಲ, ಸೊರಗಿದ ಹೊಲ, ಅಕ್ಕಡಿ ಬೆಳೆಯ ಹೊಲ, ಬೀಳು ಎಲ್ಲವನ್ನೂ ತೋರಿಸುವುದು. ಎರಡನೆಯದಾಗಿ, ಬಿತ್ತನೆಯ ದಿನವನ್ನೂ ಮಿಶ್ರಬೆಳೆಯ ವಿವರವನ್ನೂ ಇದ್ದುದಿದ್ದಂತೆ ಬರೆಯಿಸುವುದು. ತಡವಾಗಿ ಬಿತ್ತಿದ ರಾಗಿಯು ಮೊದಲು ಬಿತ್ತಿದ ರಾಗಿಗಿಂತ ಚಿತ್ರದಲ್ಲಿ ಬೇರೆ ಗುಂಪಾಗಿ ಕಾಣಬಹುದು. ಮೂರನೆಯದಾಗಿ, ಚಿತ್ರದಿಂದ ಮಾಡಿದ ನಕ್ಷೆಯು ಗ್ರಾಮಕ್ಕೆ ಬಂದಾಗ, ದೊಡ್ಡ ಹಿಡುವಳಿಗಳ ನಡುವಣ ಸಣ್ಣ ಹೊಲಗಳನ್ನು ಮೊದಲು ಪರೀಕ್ಷಿಸುವುದು. ಬದುಗಳು ಯಥಾಸ್ಥಾನದಲ್ಲಿವೆಯೇ ಎಂದು ಬಾಂದುಕಲ್ಲುಗಳಿಂದ ತಾಳೆ ನೋಡುವುದು. ನಾಲ್ಕನೆಯದಾಗಿ, ಚಿತ್ರವನ್ನು ತೆಗೆದ ದಿನ ಯಾವುದು, ಆ ದಿನ ಮೋಡವಿತ್ತೇ ಎಂದು ವಿಚಾರಿಸುವುದು. ಮುಂಗಾರಿನಲ್ಲಿ ಮೋಡದ ನೆರಳು ಹೊಲದ ಬಣ್ಣವನ್ನೇ ಕೆಡಿಸುವುದು. ಐದನೆಯದಾಗಿ, ತಪ್ಪು ಕಂಡಲ್ಲಿ ಸರ್ವೆ ನಂಬರು, ಬೆಳೆ, ಹೊಲದಲ್ಲಿ ನಿಂತು ತೆಗೆದ ಛಾಯಾಚಿತ್ರ ಇವುಗಳೊಡನೆ ಸಕಾಲದಲ್ಲಿ ಲಿಖಿತವಾಗಿ ತಿಳಿಸುವುದು. ಕೊಯ್ಲಾದ ಮೇಲೆ ಸಾಕ್ಷ್ಯವೇ ಇರುವುದಿಲ್ಲ.

ಮಲೆನಾಡಿನ ಅಡಕೆಯ ತೋಟಗಳಲ್ಲಿ ಎಲೆಚುಕ್ಕೆ ರೋಗವು ಹರಡಿರುವ ಈ ಕಾಲದಲ್ಲಿ, ಎಲೆಯ ಚಿತ್ರದಿಂದ ಚುಕ್ಕೆಯನ್ನೂ ಹಸುರನ್ನೂ ಬೇರೆಮಾಡಿ ರೋಗದ ಪ್ರಮಾಣವನ್ನು ಅಳೆಯುವುದಕ್ಕೂ ಇದೇ ತತ್ತ್ವವು ಅನ್ವಯಿಸುವುದು. ಆದರೆ ಆಕಾಶದ ಚಿತ್ರವಾಗಲಿ, ಎಲೆಯ ಚಿತ್ರವಾಗಲಿ, ಯಂತ್ರವು ಕೊಡುವುದು ಸಂಭವವನ್ನು. ನಿಶ್ಚಯವನ್ನು ಕೊಡತಕ್ಕವರು ಹೊಲವನ್ನು ಬಲ್ಲವರು. ಗುಡ್ಡದ ಮೇಲಿನಿಂದ ಬಯಲನ್ನು ನೋಡಿ ಹೇಳಿದ ಬೇಸಾಯಗಾರನೂ, ಸಂದೇಹ ಬಂದಲ್ಲಿ ಕೆಳಗಿಳಿದು ತೆನೆಯನ್ನು ಕೈಯಲ್ಲಿ ಹಿಡಿದೇ ನೋಡುತ್ತಾನೆ.